ಮೆಟ್ಟಿಲು ಎಣಿಸುತ್ತಾ ಹಕ್ಕಿ ನೋಡಲು ಕಲಿತದ್ದು

ಮೂರು ವರ್ಷದಿಂದ ನಾನು ನಡೆಯುವ ದಾರಿ ಒಂದೇ. ಮನೆ ಗೇಟು ದಾಟಿ ಬೀದಿಯ ಕೊನೆ, ಅಲ್ಲಿಂದ ದೋಣಿ ಕಟ್ಟುವ ಜಾಗ, ಆಮೇಲೆ ಮರಳಿನ ಮೇಲೆ ಹೊಳೆ ಕಡಲು ಸೇರುವ ಅಳಿವೆಯವರೆಗೆ. ಹೋಗಿ ಬರಲು ಮೂರು ಕಿಲೋಮೀಟರ್. ಹಕ್ಕಿಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಮೂರು ಕಿಲೋಮೀಟರಿನಲ್ಲೇ ಸಿಕ್ಕಿದ್ದು.

ಶುರುವಿನಲ್ಲಿ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಹೊರಡುತ್ತಿದ್ದೆ. ಹಕ್ಕಿ ನೋಡಲು ಬೆಳಗಿನ ಹೊತ್ತೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಒಂದು ವಾರ ಅಳಿವೆಯ ಕೆಸರಿನಲ್ಲಿ ನೂರಾರು ಹಕ್ಕಿ. ಮರುವಾರ ಅದೇ ಆರೂವರೆಗೆ ಹೋದರೆ ಬರೀ ನೀರು, ಒಂದು ಹಕ್ಕಿಯೂ ಇಲ್ಲ. ಯಾರೋ ಓಡಿಸಿರಬೇಕು ಅಂದುಕೊಂಡೆ. ಹಕ್ಕಿಗಳು ಊರು ಬಿಟ್ಟು ಹೋದವೇನೋ ಎಂದು ಬೇಸರವೂ ಆಯಿತು.

ಉತ್ತರ ಸಿಕ್ಕಿದ್ದು ಕಂಡದ್ದನ್ನು ಬರೆದಿಡುವ ನನ್ನದೇ ಪುಸ್ತಕದಲ್ಲಿ. ಪಕ್ಕದ ಮನೆಯ ಆರು ವರ್ಷದ ಹುಡುಗಿ ಆಗ ದಿನಾ ನನ್ನ ಜೊತೆ ಬರುತ್ತಿದ್ದಳು. ದೋಣಿ ಕಟ್ಟುವ ಜಾಗದಲ್ಲಿ ನೀರಿಗೆ ಇಳಿಯಲು ಹನ್ನೊಂದು ಕಲ್ಲಿನ ಮೆಟ್ಟಿಲುಗಳಿವೆ. ಎಣಿಸಲು ಹೊಸದಾಗಿ ಕಲಿತಿದ್ದ ಅವಳಿಗೆ ಅದೇ ಆಟ. ‘ಆಂಟಿ, ಇವತ್ತು ನಾಲ್ಕು ಮೆಟ್ಟಿಲು ಮೇಲಿದೆ, ಬರ್ಕೋ’ ಅನ್ನುತ್ತಿದ್ದಳು. ಅವಳ ಖುಷಿಗೆ ಸುಮ್ನೆ ಬರೆದುಕೊಳ್ಳುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಮಳೆಯ ಸಂಜೆ ಪುಟ ತಿರುಗಿಸುತ್ತಾ ಕೂತಿದ್ದಾಗ ಕಣ್ಣಿಗೆ ಬಿತ್ತು. ಏಳಕ್ಕಿಂತ ಜಾಸ್ತಿ ಮೆಟ್ಟಿಲು ಕಂಡ ದಿನಗಳಲ್ಲೆಲ್ಲ ಕೆಸರಿನ ಮೇಲೆ ಹಕ್ಕಿ ಇದ್ದವು. ನಾಲ್ಕಕ್ಕಿಂತ ಕಡಿಮೆ ಇದ್ದ ದಿನ ಅಲ್ಲಿ ಒಂದೂ ಇಲ್ಲ.

ಕಡಲ ಹತ್ತಿರದವರಿಗೆ ಇದು ಹೊಸ ವಿಷಯವಲ್ಲ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಅವು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಇವತ್ತು ಆರೂವರೆಗೆ ನೀರು ಪೂರ್ತಿ ಇಳಿದಿದ್ದರೆ, ವಾರ ಕಳೆದ ಮೇಲೆ ಅದೇ ಆರೂವರೆಗೆ ನೀರು ತುಂಬಿ ನಿಂತಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಇದೆಲ್ಲ ಮೊದಲೇ ಓದಿದ್ದೆ. ಆದರೆ ಹಕ್ಕಿಗಳ ಊಟದ ಹೊತ್ತು ಇದರ ಮೇಲೆಯೇ ನಿಂತಿದೆ ಎಂದು ಮನಸ್ಸಿಗೆ ಹೊಳೆದಿರಲಿಲ್ಲ. ನೀರು ಇಳಿದಾಗ ಮಾತ್ರ ಹುಳು, ಚಿಕ್ಕ ಏಡಿ, ಚಿಪ್ಪಿನ ಜೀವಿಗಳಿರುವ ಕೆಸರು ತೆರೆದುಕೊಳ್ಳುತ್ತದೆ. ಆಗ ರಾತ್ರಿಯಾದರೂ ಎಷ್ಟೋ ಹಕ್ಕಿಗಳು ತಿನ್ನುತ್ತವೆ. ಉಬ್ಬರದಲ್ಲಿ ಅವು ಎಲ್ಲಿಗೂ ಓಡಿಹೋಗಿರುವುದಿಲ್ಲ. ನಮ್ಮಲ್ಲಿ ಅಳಿವೆಯ ಆಚೆ ಒಂದು ಬಂಡೆಗಳ ರಾಶಿ ಇದೆ. ಅಲ್ಲಿ ಒಂದೇ ಕಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದವು. ಬಂಡೆಯ ಬಣ್ಣವೇ ಅವುಗಳದ್ದೂ. ಎಷ್ಟೋ ದಿನ ಅವುಗಳನ್ನು ನೋಡದೆಯೇ ಪಕ್ಕದಲ್ಲಿ ಹಾದುಹೋಗಿದ್ದೆ.

ಅವತ್ತಿನಿಂದ ಗಡಿಯಾರ ಬಿಟ್ಟೆ. ಈಗ ಇಳಿತ ಶುರುವಾದ ಒಂದೂವರೆ ಗಂಟೆಗೆ ಹೊರಡುತ್ತೇನೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಸುಡು ಮಧ್ಯಾಹ್ನ, ಒಮ್ಮೆ ಸಂಜೆ. ಮನೆಯವರಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಬೈನಾಕ್ಯುಲರ್ ಬಗ್ಗೆ ಎರಡು ಮಾತು ಸಾಕು. ನನ್ನದು 8×42. ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು ಪಟ್ಟಿನದು ಕಡಲ ಗಾಳಿಯಲ್ಲಿ ನನ್ನ ಕೈಯಲ್ಲಿ ನಡುಗುತ್ತದೆ. ಗಾಜಿನ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಮೊದಲು ಊದಿ ತೆಗೆಯಿರಿ. ಮರಳು ಗಾಜನ್ನು ಗೀರುತ್ತದೆ.

ಆದರೆ ನನಗೆ ತುಂಬಾ ಕಲಿಸಿದ್ದು ಬೈನಾಕ್ಯುಲರ್ ಅಲ್ಲ, ಒದ್ದೆ ಮರಳು. ಅಲೆಯ ಅಂಚಿನಲ್ಲಿ ಸ್ಯಾಂಡರ್ಲಿಂಗ್ ಎಂಬ ಪುಟ್ಟ ಹಕ್ಕಿಗಳು ಓಡಾಡುತ್ತವೆ. ಒಂದೊಂದೂ ಐವತ್ತು-ಅರವತ್ತು ಗ್ರಾಂ ಅಷ್ಟೇ. ಅಲೆ ಹಿಂದೆ ಸರಿದರೆ ಅದರ ಬೆನ್ನಟ್ಟಿ ಓಡುತ್ತವೆ, ಮರಳಿಗೆ ಕೊಕ್ಕು ಚುಚ್ಚಿ ಚುಚ್ಚಿ ತಿನ್ನುತ್ತವೆ. ಅಲೆ ತಿರುಗಿ ಬಂದರೆ ಕಾಲು ಒದ್ದೆಯಾಗದಂತೆ ವಾಪಸ್ ಓಡುತ್ತವೆ. ಕಾಲು ಎಷ್ಟು ಬೇಗ ಆಡುತ್ತದೆ ಅಂದರೆ ಚಕ್ರ ಉರುಳಿದ ಹಾಗೆ ಕಾಣುತ್ತದೆ. ಒಂದು ದಿನ ಅವು ಮುಂದೆ ಹೋದ ಮೇಲೆ ನಾನು ಮಂಡಿಯೂರಿ ಅವುಗಳ ಹೆಜ್ಜೆ ನೋಡಿದೆ. ಮೂರು ಬೆರಳಿನ ಗುರುತು ಮಾತ್ರ. ಹಿಂದಿನ ಬೆರಳೇ ಇಲ್ಲ. ಪಕ್ಕದಲ್ಲೇ ಬೆಳ್ಳಕ್ಕಿ ನಡೆದುಹೋದ ಗುರುತಿತ್ತು, ಅದರಲ್ಲಿ ಹಿಂದಿನ ಬೆರಳು ಉದ್ದಕ್ಕೆ, ಗೀಟು ಎಳೆದ ಹಾಗೆ. ಬೆಳ್ಳಕ್ಕಿ ಕೊಂಬೆ ಹಿಡಿದು ಕೂರಬೇಕು. ಸ್ಯಾಂಡರ್ಲಿಂಗ್ ಓಡಬೇಕು. ಆ ಒಂದು ಅಂಗೈಯಗಲ ಮರಳಿನಲ್ಲಿ ಎರಡರ ಬದುಕೂ ಅಚ್ಚಾಗಿತ್ತು. ನೋಡುತ್ತಿದ್ದಂತೆ ಅಲೆ ಬಂದು ಅಳಿಸಿತು.

ಸೀಗಲ್‌ಗಳು ನನ್ನನ್ನು ತುಂಬಾ ದಿನ ಗೊಂದಲಕ್ಕೆ ಕೆಡವಿದವು. ಬಿಳಿ ಒಂದು ಜಾತಿ, ಕಂದು ಚುಕ್ಕೆಯದು ಇನ್ನೊಂದು, ಅರೆಬರೆ ಬೂದು ಮತ್ತೊಂದು ಎಂದು ಬರೆದುಕೊಂಡಿದ್ದೆ. ದೊಡ್ಡ ಸೀಗಲ್‌ಗಳಿಗೆ ಪೂರ್ತಿ ಬೆಳೆದ ಗರಿ ಬರಲು ಸುಮಾರು ನಾಲ್ಕು ವರ್ಷ ಬೇಕು ಎಂದು ಆಮೇಲೆ ತಿಳಿಯಿತು. ನಾನು ನೋಡಿದ್ದು ಮೂರು ಜಾತಿಯಲ್ಲ, ಒಂದೇ ಜಾತಿಯ ಮೂರು ವಯಸ್ಸು. ಹೊಸಬರಿಗೆ ನನ್ನ ಸಲಹೆ: ಬಣ್ಣಕ್ಕಿಂತ ಮೊದಲು ಕೊಕ್ಕಿನ ಆಕಾರ, ಕಾಲಿನ ಉದ್ದ, ತಿನ್ನುವ ರೀತಿ ನೋಡಿ. ಅವು ಮೋಸ ಮಾಡುವುದು ಕಡಿಮೆ.

ಬೀದಿಯ ಹಕ್ಕಿಗಳನ್ನೂ ಬಿಡಬೇಡಿ. ಗುಬ್ಬಿಗಳು ಒಣ ಧೂಳಿನಲ್ಲಿ ಹೊರಳಿ ಸ್ನಾನ ಮಾಡುತ್ತವೆ. ಕಾಗೆ ಚಿಪ್ಪನ್ನು ಎತ್ತರಕ್ಕೆ ಒಯ್ದು ಗಟ್ಟಿ ರಸ್ತೆಯ ಮೇಲೆ ಬೀಳಿಸಿ ಒಡೆಯುತ್ತದೆ. ಆ ಟಕ್ ಸದ್ದು ಕೇಳಿದರೆ ಇಳಿತವಾಗಿದೆ ಎಂದು ನನಗೆ ಮನೆಯೊಳಗೇ ತಿಳಿಯುತ್ತದೆ.

ಎರಡನೇ ವರ್ಷ ಗೂಡಿನ ವಿಷಯ. ಮರಳಿನ ಮೇಲ್ಭಾಗದಲ್ಲಿ ನಡೆಯುತ್ತಿದ್ದಾಗ ಪ್ಲೋವರ್ ಎಂಬ ಒಂದು ಪುಟ್ಟ ದಡದ ಹಕ್ಕಿ ಎದುರಿಗೆ ಬಂದು, ರೆಕ್ಕೆ ಮುರಿದಂತೆ ಎಳೆದುಕೊಂಡು ಓಡತೊಡಗಿತು. ಅಯ್ಯೋ ಎಂದು ಹಿಂದೆ ಎರಡು ಹೆಜ್ಜೆ ಹಾಕಿದೆ. ತಕ್ಷಣ ನೆನಪಾಯಿತು, ಗೂಡಿನಿಂದ ಶತ್ರುವನ್ನು ದೂರ ಎಳೆಯಲು ಅದು ಹಾಗೆ ಮಾಡುತ್ತದೆ. ನಿಂತಲ್ಲೇ ನಿಂತು ಕೆಳಗೆ ನೋಡಿದೆ. ನನ್ನ ಚಪ್ಪಲಿಯಿಂದ ಒಂದು ಮಾರು ದೂರದಲ್ಲಿ ಮೂರು ಮೊಟ್ಟೆ. ಗೂಡು ಅಂದರೆ ಮರಳಿನಲ್ಲಿ ಕೆರೆದ ಸಣ್ಣ ಕುಳಿ, ಸುತ್ತ ನಾಲ್ಕು ಚಿಪ್ಪಿನ ಚೂರು, ಅಷ್ಟೇ. ಮೊಟ್ಟೆಯ ಮೇಲಿನ ಚುಕ್ಕೆಗಳು ಮರಳಿನ ಕಾಳುಗಳ ಹಾಗೇ ಇದ್ದವು. ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ವಾಪಸ್ ಬಂದೆ. ಗುರುತಿಗೆ ಕೋಲು ನೆಡಲಿಲ್ಲ, ಕಾಗೆಗಳು ಅದನ್ನು ಬೇಗ ಕಲಿಯುತ್ತವೆ. ಆ ದಾರಿ ಬಿಟ್ಟು ನೀರಿನಂಚಿನಲ್ಲಿ ನಡೆಯತೊಡಗಿದೆ. ನಾಯಿ ಕರೆದುಕೊಂಡು ಬರುವವರಿಗೆ ಹಗ್ಗ ಬಿಡಬೇಡಿ ಎಂದು ಕೇಳಿಕೊಂಡೆ. ಎಲ್ಲರೂ ಒಪ್ಪಿದರು.

ಹನ್ನೆರಡನೇ ದಿನ ಅಮಾವಾಸ್ಯೆ. ಮಾರನೇ ಬೆಳಿಗ್ಗೆ ಒಂದೇ ಮೆಟ್ಟಿಲು ಕಾಣುತ್ತಿತ್ತು. ಗೂಡಿದ್ದ ಜಾಗದಲ್ಲಿ ಪಾಚಿ, ನೊರೆ. ಎರಡು ದೊಡ್ಡ ಹಕ್ಕಿಗಳೂ ಅಲ್ಲೇ ಓಡಾಡುತ್ತಿದ್ದವು. ಆ ದಿನದ ಪುಟದಲ್ಲಿ ಅದನ್ನೂ ಬರೆದೆ. ಮೂರು ವಾರದ ನಂತರ ಅವು ಇನ್ನೂ ಸ್ವಲ್ಪ ಮೇಲೆ, ಬಳ್ಳಿ ಹಬ್ಬಿದ ದಿಬ್ಬದ ಬುಡದಲ್ಲಿ ಮತ್ತೆ ಕೂತಿದ್ದನ್ನು ದೂರದಿಂದ ನೋಡಿದೆ. ಹತ್ತಿರ ಹೋಗಲಿಲ್ಲ.

ಎಷ್ಟು ಹತ್ತಿರ ಹೋಗಬಹುದು ಎಂದು ಕೆಲವರು ಕೇಳುತ್ತಾರೆ. ತಿನ್ನುತ್ತಿರುವ ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡಿದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ. ಎರಡು ಹೆಜ್ಜೆ ಹಿಂದೆ ಬನ್ನಿ, ಕೂತುಬಿಡಿ. ಕೂತವರ ಹತ್ತಿರಕ್ಕೆ ಅವೇ ಬರುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಯನ್ನು ಫೋಟೋಗಾಗಿ ಎಬ್ಬಿಸುವುದು ನನಗೆ ಸಹಿಸಲಾಗದ ವಿಷಯ. 2022ರಲ್ಲಿ ಗಾಡ್‌ವಿಟ್ ಎಂಬ ಉದ್ದ ಕೊಕ್ಕಿನ ದಡದ ಹಕ್ಕಿಯ ಒಂದು ಮರಿ, ಹುಟ್ಟಿ ಐದು ತಿಂಗಳಷ್ಟೇ ಆಗಿತ್ತು, ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತು. ಅಂಥ ಪಯಣ ಮುಗಿಸಿ ಬಂದ ಜೀವಕ್ಕೆ ಒಂದೊಂದು ಗಂಟೆಯ ಊಟವೂ ಬೇಕು.

ಹಕ್ಕಿಗಳ ಪಯಣ ತಿಳಿಯಲು ಕೆಲವರು ಅವುಗಳ ಕಾಲಿಗೆ ಉಂಗುರ, ಅಕ್ಷರವಿರುವ ಬಣ್ಣದ ಪಟ್ಟಿ ಹಾಕಿ ಬಿಡುತ್ತಾರೆ. ಅಂಥ ಹಕ್ಕಿ ಕಂಡರೆ ಅಕ್ಷರ ಓದಲು ಪ್ರಯತ್ನಿಸಿ. ಕೆಂಪು ನಾಟ್ ಜಾತಿಯ ಒಂದು ಹಕ್ಕಿಗೆ 1995ರಲ್ಲಿ ಅರ್ಜೆಂಟೀನಾದಲ್ಲಿ ಉಂಗುರ ಹಾಕಿದ್ದರು. ಅದರ ಪಟ್ಟಿಯ ಮೇಲಿದ್ದ ಬಿ95 ಎಂಬುದನ್ನು ದಡದಲ್ಲಿ ನಿಂತವರು 2014ರವರೆಗೂ ಓದಿದರು. ನನಗೆ ಸಿಕ್ಕಿದ್ದು ಒಂದು ಟರ್ನ್‌ಸ್ಟೋನ್. ಕಲ್ಲು, ಪಾಚಿ ಮಗುಚಿ ಹಾಕಿ ಕೆಳಗಿನ ಹುಳು ತಿನ್ನುವ ಹಕ್ಕಿ. ಮೊದಲ ದಿನ ಮೂರರಲ್ಲಿ ಎರಡು ಅಕ್ಷರ ಮಾತ್ರ ಓದಲಾಯಿತು. ಮರುದಿನ ಗಾಳಿ. ಮೂರನೇ ದಿನ ಎಂಟು ಮೆಟ್ಟಿಲು ಕಂಡ ಹೊತ್ತಿಗೆ ಅದೇ ಕಲ್ಲಿನ ಹತ್ತಿರ ಬಂತು, ಬಲಗಾಲು ನನ್ನ ಕಡೆಗೆ. ಮೂರೂ ಅಕ್ಷರ ಬರೆದು ಉಂಗುರ ಹಾಕುವವರಿಗೆ ಕಳಿಸಿದೆ. ನಾಲ್ಕು ವರ್ಷದ ಹಿಂದೆ ಹಾಕಿದ್ದು ಎಂದು ಉತ್ತರ ಬಂತು. ಆ ಕಾಗದ ಪುಸ್ತಕಕ್ಕೆ ಅಂಟಿಸಿದ್ದೇನೆ.

ಪಕ್ಕದ ಮನೆ ಹುಡುಗಿಗೆ ಈಗ ಒಂಬತ್ತು. ಶಾಲೆಯ ದಿನ ಜೊತೆಗೆ ಬರಲು ಆಗುವುದಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾಳೆ.

‘ಆಂಟಿ, ಎಷ್ಟು?’

‘ಒಂಬತ್ತು.’

‘ಹಾಗಾದ್ರೆ ಬಂದಿವೆ’ ಅನ್ನುತ್ತಾಳೆ, ನಾನು ಹೇಳುವ ಮೊದಲೇ.