ಸೈಕಲ್ಲಿನ ಮೇಲೆ ಬಂದ ಮಾಳಿಗೆ

ಮೇ ತಿಂಗಳ ಮೂರನೆಯ ವಾರ ನಸುಕಿನ ಐದೂವರೆಗೆ ವಿಜಯಪುರದಿಂದ ತೊರವಿ ಕಡೆ ಹೊರಟವರಿಗೆ ನಾನು ಸಿಗುತ್ತೇನೆ. ಹೋಗುವಾಗ ಕ್ಯಾರಿಯರಿನಲ್ಲಿ ಎರಡು ಖಾಲಿ ಸಿಮೆಂಟ್ ಚೀಲ. ಬರುವಾಗ ಅವೇ ಚೀಲಗಳಲ್ಲಿ ತಲಾ 25 ಕಿಲೋ ಸವಳು ಮಣ್ಣು. ಮುಂಜಾನೆಗೆ ಒಂದೇ ಖೇಪು, ಹೀಗೆ ಎಂಟೊಂಬತ್ತು ದಿನ. ರೋಹಿಣಿ ಮಳೆ ಹಿಡಿಯುವುದರೊಳಗೆ ಈ ಮಣ್ಣು ನಮ್ಮ ಮಾಳಿಗೆ, ಅಂದರೆ ಮನೆಯ ಮಣ್ಣಿನ ಛಾವಣಿಯ ಮೇಲೆ ಕೂತಿರಬೇಕು.

ಮನೆ ಕೋಟೆಗೋಡೆಯ ಒಳಗಿದೆ. ಮಾಳಿಗೆ ಹತ್ತಿದರೆ ಉಪಲಿ ಬುರುಜು ಕಾಣುತ್ತದೆ. ಅವ್ವ ಇದ್ದಾಗ ಇಬ್ಬರಿದ್ದೆವು, 2014ರಿಂದ ನಾನೊಬ್ಬಳೇ. ಅವ್ವನ ಹನ್ನೆರಡನೇ ದಿನದ ಊಟ ಮುಗಿಸಿ ಕೈ ತೊಳೆಯುತ್ತಲೇ ಬಳಗದವರು ಹೇಳಿದ್ದು ಒಂದೇ ಮಾತು: "ಈ ಮಣ್ಣಿನ ಮಾಳಗಿ ತಗಿಸಿ ಸ್ಲ್ಯಾಬ್ ಹಾಕ್ಸಿಬಿಡು, ಒಬ್ಬಾಕಿ ಏನ್ ಮಾಡ್ತಿ?" ಅವರು ಹೇಳಿದ್ದರಲ್ಲಿ ಕಾಳಜಿ ಇತ್ತು. ಆದರೆ ನಮ್ಮೂರ ಬ್ಯಾಸಗಿಯಲ್ಲಿ, ಬಿಸಿಲು 40 ದಾಟಿದ ದಿನ, ಸ್ಲ್ಯಾಬಿನ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಛಾವಣಿ ಬೆಂಕಿ ಉಗುಳುತ್ತಿರುತ್ತದೆ. ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಎರಡಕ್ಕೂ ಫರ್ಸಿ ಮೇಲೆ ಚಾಪೆ ಹಾಸಿ ಮಲಗಬಹುದು. ಆ ತಂಪನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಬಿಟ್ಟುಕೊಡದಿದ್ದರೆ ಕೆಲಸ ಕಲಿಯಬೇಕು. ಮಣ್ಣಿನ ಮಾಳಿಗೆ ವರ್ಷಕ್ಕೊಮ್ಮೆ ಕೈ ಬೇಡುತ್ತದೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು. ಸವಳು ಭೂಮಿಯನ್ನು ರೈತ ನೋಡಿದರೆ ತಲೆ ಕೊಡವುತ್ತಾನೆ. ಅದರಲ್ಲಿ ಸೋಡಿಯಂ ಉಪ್ಪಿನ ಅಂಶ ಹೆಚ್ಚು, ಹೀಗಾಗಿ ನೀರು ಬಿದ್ದ ಕೂಡಲೇ ಮಣ್ಣಿನ ಕಣ ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಕೆಳಗಿಳಿಯುವುದಿಲ್ಲ, ಬೆಳೆ ಏಳುವುದಿಲ್ಲ. ಮಾಳಿಗೆಗೆ ಬೇಕಾದದ್ದು ಮಾತ್ರ ಅದೇ, ನೀರು ಕೆಳಗಿಳಿಯದಿರುವುದು. ತೊರವಿ ದಾರಿಯಿಂದ ಒಳಗೆ ಪರಿಚಯದವರ ಹೊಲದ ಅಂಚಿನಲ್ಲಿ, ಹಳ್ಳದ ದಂಡೆಗೆ, ಬೆಳ್ಳಗೆ ಪೊರೆ ಕಟ್ಟಿದ ಒಂದು ತುಂಡು ಜಾಗವಿದೆ. ಅವರು ಸಂತೋಷದಿಂದ ಒಯ್ಯಲು ಹೇಳುತ್ತಾರೆ.

ಮೊದಲ ಎರಡು ವರ್ಷ ನಾನು ಮಾಡಿದ್ದು ತಪ್ಪು. ಹಳೆಯದರ ಮೇಲೆ ಹೊಸದನ್ನು ಹಾಕುತ್ತ ಹೋದೆ. ಮೂರನೆಯ ವರ್ಷ ಆಷಾಢದ ಒಂದು ರಾತ್ರಿ ಅಡುಗೆಮನೆಯ ಜಂತಿ ಟಪ್ಪೆಂದು ಸದ್ದು ಮಾಡಿತು. ಬೆಳಿಗ್ಗೆ ಬ್ಯಾಟರಿ ಹಿಡಿದು ನೋಡಿದರೆ ಉದ್ದಕ್ಕೆ ಕೂದಲೆಳೆಯಂಥ ಸೀಳು. ಓಣಿಯ ಹಳೆಯ ಗೌಂಡಿಯೊಬ್ಬರು ಬಂದು ಮೇಲೆ ಹತ್ತಿ, ಗುದ್ದಲಿಯಿಂದ ಒಂದು ಕಡೆ ಕೆದರಿ ನೋಡಿ ಇಳಿದರು. "ಅಕ್ಕಾರ, ಹಾಕೂದು ಎಲ್ಲಾರಿಗೂ ಬರತೈತಿ. ಮದಲ ತಗೀಬೇಕು, ಆಮ್ಯಾಲ ಹಾಕಬೇಕು." ಅಂದು ಸಂಜೆ ಲೆಕ್ಕ ಹಾಕಿದೆ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದೇ ಇಂಚು ಮಣ್ಣೆಂದರೆ 10 ಘನ ಅಡಿ, ಒಣಗಿದ್ದಾಗಲೇ ನಾಲ್ಕು ಕ್ವಿಂಟಲಿಗೂ ಮೇಲೆ. ಮಳೆ ಕುಡಿದರೆ ಇನ್ನೂ ಹೆಚ್ಚು. ನಾನು ಎರಡು ವರ್ಷ ನಾಲ್ಕು ನಾಲ್ಕು ಕ್ವಿಂಟಲ್ ಹೇರಿದ್ದೆ. ನನಗಿಂತ ಮುಂಚೆ ಯಾರು ಎಷ್ಟು ಹೇರಿದ್ದರೋ. ಜಂತಿಗೆ ಬಡಿಗೇರರಿಂದ ಜೋಡು ಕಟ್ಟಿಸಿ ಆಸರೆ ಕೊಡಿಸಿದೆ, ಆ ಕೆಲಸ ನನ್ನ ಕೈಯದಲ್ಲ. ಆದರೆ ಅಂದಿನಿಂದ ಮೊದಲು ಹೆರೆಯುತ್ತೇನೆ. ಹುಲ್ಲನ್ನು ಬೇರು ಸಮೇತ ಕೀಳುತ್ತೇನೆ (ಬೇರು ಒಣಗಿದ ಜಾಗವೇ ಮುಂದೆ ನೀರಿನ ದಾರಿ), ಸತ್ವ ಹೋದ ಮೇಲಿನ ಪದರನ್ನು ಒಂದಿಂಚು ಕೆರೆದು ಬುಟ್ಟಿಯಲ್ಲಿ ಇಳಿಸುತ್ತೇನೆ. ಆಮೇಲೆ ಹೊಸ ಸವಳನ್ನು ಜರಡಿ ಹಿಡಿದು ಹರವಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು ಮಳೆನೀರು ಹೊರಗೆ ಬೀಳುವ ತಗಡಿನ ದೋಣಿಯ ಕಡೆಗೆ ಇಳಿಜಾರು ಕೊಡುತ್ತೇನೆ. ಎಷ್ಟು ತೂಕ ಹತ್ತಿಸುತ್ತೇನೋ ಅಷ್ಟು ತೂಕ ಇಳಿಸಿರಬೇಕು.

ಟ್ರ್ಯಾಕ್ಟರಿನಲ್ಲಿ ಒಂದೇ ಸಲಕ್ಕೆ ತರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ. ತಂದು ಓಣಿಯ ಬಾಯಲ್ಲಿ ಸುರಿದರೆ ಹೊತ್ತು ತರಲು ಎರಡು ಆಳು ಬೇಕು. ದಿನಕ್ಕೆ ಎರಡು ಚೀಲ ಬಂದರೆ ನಾನೊಬ್ಬಳೇ ಸಂಜೆ ಅಷ್ಟನ್ನೂ ಮೇಲೆ ಹತ್ತಿಸಿ ಹರವಿ ಮುಗಿಸಬಹುದು. 50 ಕಿಲೋ ಹೇರುವುದಕ್ಕೂ ಒಂದು ಕ್ರಮವಿದೆ. ಚೀಲವನ್ನು ಕ್ಯಾರಿಯರಿನ ಮೇಲೆ ಇಡುವುದಿಲ್ಲ, ಎರಡೂ ಬದಿಗೆ ಹಗ್ಗದಲ್ಲಿ ಕೆಳಗೆ ಇಳಿಬಿಡುತ್ತೇನೆ. ಭಾರ ಗಾಲಿಯ ಅಚ್ಚಿನ ಹತ್ತಿರ ಬಂದಷ್ಟೂ ಹ್ಯಾಂಡಲ್ ಹಗುರ. ಹಿಂದಿನ ಗಾಲಿಗೆ ಹವಾ ಗಟ್ಟಿ ಇರಬೇಕು. ಇಳಿಜಾರು ಬಂದಲ್ಲಿ ಇಳಿದು ನಡೆಯುತ್ತೇನೆ, ರಾಡ್ ಬ್ರೇಕಿಗೆ ಅಷ್ಟು ಭಾರ ಹಿಡಿಯುವ ಶಕ್ತಿ ಇಲ್ಲ.

ನನ್ನದು 28 ಇಂಚಿನ ಕರಿ ಸೈಕಲ್ಲು, 2011ರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ಗೇರಿಲ್ಲ. ನಸುಕಿನಲ್ಲಿ ನಮ್ಮ ರಸ್ತೆಗಳಲ್ಲಿ ರೇಸಿನ ಸೈಕಲ್ ಹುಡುಗ ಹುಡುಗಿಯರು ಸಾಲಾಗಿ, ಒಬ್ಬರ ಗಾಲಿಗೆ ಒಬ್ಬರು ಅಂಟಿದಂತೆ ಹೋಗುತ್ತಾರೆ. ವಿಜಯಪುರ, ಬಾಗಲಕೋಟೆ ಎರಡೂ ಸೈಕಲ್ ಪಟುಗಳನ್ನು ಬೆಳೆಸಿದ ನೆಲ. ಅವರು ಸರ್ರನೆ ದಾಟುವಾಗ ಎದೆ ತುಂಬಿ ಬರುತ್ತದೆ. ಆದರೆ ನನ್ನ ಬದುಕಿಗೆ ಆ ಸೈಕಲ್ ಹೊಂದುವುದಿಲ್ಲ. 28 ಇಂಚಿನ ಟೈರು, ಟ್ಯೂಬು, ಕಾಟರ್ ಪಿನ್ನು ಹೋಬಳಿ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. ಒಬ್ಬಳೇ ತಿರುಗುವವಳಿಗೆ ಅದು ದೊಡ್ಡ ಧೈರ್ಯ.

ಸೋರುವ ಮಾಳಿಗೆಯನ್ನು ಹಿಡಿಯಲು ನನಗೆ ಕಲಿಸಿದ್ದು ಪಂಕ್ಚರ್. ಟ್ಯೂಬ್ ಬಿಚ್ಚುವ ಮೊದಲು ವಾಲ್ವ್ ಇದ್ದ ಜಾಗಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಟ್ಯೂಬಿನಲ್ಲಿ ತೂತು ಸಿಕ್ಕ ಮೇಲೆ ವಾಲ್ವಿನಿಂದ ಎಷ್ಟು ಗೇಣು ಎಂದು ಅಳೆದು, ಟೈರಿನಲ್ಲೂ ಅಷ್ಟೇ ಗೇಣು ಅಳೆದರೆ ಮುಳ್ಳು ಅಲ್ಲಿಯೇ ಇರುತ್ತದೆ. ಮುಳ್ಳು ತೆಗೆಯದೆ ಪ್ಯಾಚ್ ಹಚ್ಚಿದರೆ ಅರ್ಧ ಕಿಲೋಮೀಟರಿಗೆ ಮತ್ತೆ ಇಳಿಯಬೇಕು. ಮಾಳಿಗೆಯಲ್ಲೂ ನಾನು ಇದನ್ನೇ ಮಾಡುತ್ತೇನೆ. ಹನಿ ಬಿದ್ದ ಜಾಗವನ್ನು ಎರಡು ಗೋಡೆಗಳಿಂದ ಟೇಪು ಹಿಡಿದು ಅಳೆದು ಬರೆದಿಟ್ಟುಕೊಂಡು, ಮೇಲೆ ಹತ್ತಿ ಗೋಡೆಯ ದಪ್ಪ ಕೂಡಿಸಿ ಅದೇ ಅಳತೆಯಲ್ಲಿ ಕಲ್ಲು ಇಡುತ್ತೇನೆ. ತೂತು ಮಾತ್ರ ಆ ಕಲ್ಲಿನ ಕೆಳಗೇ ಇರುವುದಿಲ್ಲ. ನೀರು ಜಂತಿಯ ಬೆನ್ನು ಹಿಡಿದು ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲ್ಲಿನಿಂದ ಜಂತಿ ಹೋದ ದಿಕ್ಕಿಗೆ, ಎತ್ತರದ ಕಡೆಗೆ ಹುಡುಕುತ್ತ ಹೋಗಬೇಕು. ಹೆಚ್ಚಿನ ಸಲ ನನಗೆ ಸಿಕ್ಕದ್ದು ಬೆಳಕಿಂಡಿಯ ಅಂಚು, ಇಲ್ಲವೆ ದೋಣಿ ಕೂತ ಗೋಡೆಯ ಬಾಯಿ. ಒಮ್ಮೆ ಇಲಿಯ ಬಿಲ.

ಹಳೆಯ ಟ್ಯೂಬನ್ನು ನಾನು ಎಸೆಯುವುದಿಲ್ಲ. ನಳದ ವಾಯ್ಸರ್ ಹೋದರೆ ಟ್ಯೂಬಿನಿಂದ ಎರಡು ಪದರು ದುಂಡಗೆ ಕತ್ತರಿಸಿ ಕೂರಿಸಿದರೆ ಆರು ತಿಂಗಳು ಬರುತ್ತದೆ. ಪೈಪು ಬೆವತರೆ ಉದ್ದನೆಯ ಪಟ್ಟಿಯನ್ನು ಜಗ್ಗಿ ಜಗ್ಗಿ ಸುತ್ತಿದರೆ ಪ್ಲಂಬರ್ ಬರುವವರೆಗೆ ಹಿಡಿಯುತ್ತದೆ, ಜಗ್ಗದೆ ಸುತ್ತಿದರೆ ಹಿಡಿಯುವುದಿಲ್ಲ. ಮುರಿದ ಸ್ಪೋಕಿನ ತುದಿ ಬಾಗಿಸಿದರೆ ಬಚ್ಚಲ ಕಿಂಡಿಯ ಕೂದಲು ತೆಗೆಯಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಒಂದು ಪಾನಾ, ಒಂದು ಪಕ್ಕಡ, ಒಂದು ಪೇಚಕಸ, ಮರಳು ಕಾಗದ, ಸೊಲ್ಯೂಶನ್: ಇವು ಮನೆಗೂ ಸೈಕಲ್ಲಿಗೂ ಒಂದೇ ಚೀಲದಲ್ಲಿವೆ.

ಬ್ಯಾಸಗಿಯಲ್ಲಿ ಹವಾ ಇಳಿದರೆ ಕೂಡಲೇ ಟೈರ್ ಬಿಚ್ಚಬೇಡಿ. ನಮ್ಮ ಹಳೆಯ ಮಾದರಿ ವಾಲ್ವಿನೊಳಗೆ ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಬಿಸಿಲಿಗೆ ಅದು ಅಂಟಂಟಾಗಿ ಸೀಳುತ್ತದೆ. ವಾಲ್ವಿನ ತುದಿಗೆ ಉಗುಳು ಹಚ್ಚಿ, ಗುಳ್ಳೆ ಎದ್ದರೆ ರೋಗ ಅಲ್ಲಿಯೇ. ಒಂದು ಮೊಳ ವಾಲ್ವ್ ಟ್ಯೂಬ್ ಜೋಡಿಗಿದ್ದರೆ ಎರಡು ನಿಮಿಷದ ಕೆಲಸ. ಚೈನಿಗೂ ಒಂದು ಅಳತೆ ಇದೆ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಮೂರು ಮಿಲಿಮೀಟರ್ ಹೆಚ್ಚು ಬಂದರೆ ಬದಲಿಸುತ್ತೇನೆ, ಇಲ್ಲದಿದ್ದರೆ ಅದು ಹಲ್ಲಿನ ಗಾಲಿಯನ್ನೂ ತಿಂದುಹಾಕುತ್ತದೆ.

ರವಿವಾರ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳುವುದು ಗಾಳಿ. ಆಷಾಢ, ಶ್ರಾವಣದಲ್ಲಿ ಪಡುವಣ ಗಾಳಿ. ಆಗ ಹೊರಡುವಾಗಲೇ ಪಶ್ಚಿಮಕ್ಕೆ, ತಿಕೋಟಾ ಕಡೆಗೆ. ಕಾಲಿನಲ್ಲಿ ಕಸುವಿದ್ದಾಗ ಎದುರು ಗಾಳಿ ತಿಂದು ಮುಗಿಸಿದರೆ, ಬರುವಾಗ ಬೆನ್ನಿಗೆ ಕೈ ಕೊಟ್ಟು ದೂಡಿದ ಹಾಗೆ ಮನೆ ಮುಟ್ಟಬಹುದು. ಚಳಿಗಾಲಕ್ಕೆ ಗಾಳಿ ಮೂಡಣದಿಂದ, ಆಗ ಸಿಂದಗಿ ರಸ್ತೆ. ಮಾರ್ಚ್ ಹೊತ್ತಿಗೆ ತಿಕೋಟಾ ಕಡೆ ಮತ್ತೆ ಹೋಗಲೇಬೇಕು. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಸಿರು ಪರದೆಯ ಒಳಗೆ ತಂತಿ ಬಲೆಯ ಮೇಲೆ ಹಣ್ಣು ಒಣಗುವ ವಾಸನೆ ರಸ್ತೆಯವರೆಗೂ ಬರುತ್ತದೆ. ಕೊಲ್ಹಾರಕ್ಕೆ ವರ್ಷಕ್ಕೆ ಒಂದೆರಡು ಸಲ, 40 ಕಿಲೋಮೀಟರಿಗೂ ಮೇಲೆ. ಕೃಷ್ಣೆಯ ದಂಡೆಯ ಆ ಊರಿನ ಕುಡಿಕೆಯ ಮೊಸರು ಎಷ್ಟು ಗಟ್ಟಿ ಎಂದರೆ ಬಟ್ಟೆ ಕಟ್ಟಿ ಕ್ಯಾರಿಯರಿಗೆ ಬಿಗಿದರೂ ಕದಡುವುದಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿಯ ದಾರಿ ಕುಮಟಗಿಯದು. ಊರಿನಿಂದ 20 ಕಿಲೋಮೀಟರ್ ಆಸುಪಾಸು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಅಲ್ಲಿ ಆದಿಲಶಾಹಿಗಳ ಬ್ಯಾಸಗಿ ಅರಮನೆಯ ಮಂಟಪಗಳು ಕೆರೆಯ ಮಗ್ಗುಲಲ್ಲಿವೆ. ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಸಿ ಮಂಟಪದ ಛಾವಣಿಯಿಂದಲೇ ತುಂತುರು ಉದುರುವಂತೆ ಮಾಡಿದ್ದರು. ಗೋಡೆಗಳ ಮೇಲೆ ಕುಸ್ತಿಪಟುಗಳು, ಕುದುರೆ ಏರಿ ಚೆಂಡಾಡುವವರು, ವಾದ್ಯದವರು, ಎಲ್ಲ ಅಳಿಸುತ್ತ ಬಂದಿದ್ದಾರೆ. ಬೇರೆಯವರು ಚಿತ್ರ ನೋಡುತ್ತಾರೆ. ನಾನು ಕುತ್ತಿಗೆ ನೋಯುವವರೆಗೆ ಛಾವಣಿ ನೋಡುತ್ತೇನೆ. ನಾನು ನೀರು ಒಳಗೆ ಬರದಿರಲೆಂದು ವರ್ಷವೆಲ್ಲ ದುಡಿಯುತ್ತೇನೆ. ಇವರು ಬೇಕಾದಷ್ಟೇ ಹನಿ, ಬೇಕಾದ ಜಾಗದಲ್ಲೇ ಒಳಗೆ ಬರಲೆಂದು ಗಚ್ಚಿನಲ್ಲಿ ದಾರಿ ಮಾಡಿದರು. ಮಣ್ಣು ತರುವ ತೊರವಿ ದಾರಿಯಲ್ಲೂ ಇದೇ ಕೈಚಳಕವಿದೆ. ಅಲ್ಲಿಂದ ಊರಿಗೆ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು, ಬಾವಿಯಂಥ ಗಾಳಿಕಿಂಡಿಗಳು ಈಗಲೂ ಇವೆ. ಊರೊಳಗೆ ನೀರಿನ ಒತ್ತಡ ಇಳಿಸಲು, ಕೆಸರು ಕೂರಿಸಲು ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿದ್ದರು. ನಳ ರಿಪೇರಿ ಮಾಡಲು ಕಲಿತ ಮೇಲೆಯೇ ನನಗೆ ಗಂಜ್ ಏಕಿದೆ ಎಂಬುದು ಅರ್ಥವಾದದ್ದು.

ಒಂದು ನವೆಂಬರಿನಲ್ಲಿ ಕುಮಟಗಿಯಿಂದ ಬರುವಾಗ ಬುತ್ತಿ ಉಣ್ಣಲು ರಸ್ತೆ ಬಿಟ್ಟು ಒಂದು ಬೇವಿನ ಗಿಡದ ಕೆಳಗೆ ಸೈಕಲ್ ತಳ್ಳಿದೆ. ಮಳೆಗಾಲ ಮುಗಿದು ನೆಗ್ಗಿನ ಮುಳ್ಳು ಒಣಗಿ ನೆಲವೆಲ್ಲ ಹಾಸಿದ ಕಾಲ. ಎರಡೂ ಗಾಲಿಯಲ್ಲಿ ಸೇರಿ ಏಳು ಮುಳ್ಳು. ಪ್ಯಾಚ್ ಇದ್ದದ್ದು ಆರು. ನೆಗ್ಗಿನ ಮುಳ್ಳನ್ನು ಅವಸರದಲ್ಲಿ ಎಲ್ಲವನ್ನೂ ಕಿತ್ತುಬಿಡಬಾರದು. ಒಂದೊಂದರ ಪಕ್ಕ ಸೀಮೆಸುಣ್ಣದ ಗೆರೆ ಎಳೆದು ಆಮೇಲೆ ಕೀಳಬೇಕು, ಇಲ್ಲದಿದ್ದರೆ ಸಣ್ಣ ತೂತು ಕಣ್ಣಿಗೆ ಬೀಳುವುದೇ ಇಲ್ಲ. ಕೈಯಲ್ಲಿ ನೀರಿಲ್ಲ. ಹವಾ ತುಂಬಿದ ಟ್ಯೂಬನ್ನು ಕೆನ್ನೆಯ ಹತ್ತಿರ ಮೆಲ್ಲಗೆ ಸರಿಸುತ್ತ ಹೋದೆ, ತಣ್ಣನೆಯ ಎಳೆ ತಾಗಿದಲ್ಲಿ ತೂತು. ಕುರಿ ಮೇಯಿಸುವ ಅಜ್ಜನೊಬ್ಬ ನಿಂತು ನೋಡಿ, ತನ್ನ ಕುಡಿಯುವ ನೀರಿನ ಬಾಟಲಿಯನ್ನೇ ಮುಂದೆ ಹಿಡಿದ. "ಬ್ಯಾಡ್ರಿ ಯಜ್ಜಾ, ನಿಮಗ ಸಂಜೀತನಾ ಬೇಕು" ಎಂದೆ. ಆತ ಬಾಟಲಿ ನೆಲದ ಮೇಲಿಟ್ಟು ಕುರಿ ಹಿಂದೆ ಹೋದ. ಏಳನೆಯ ತೂತಿಗೆ ಪ್ಯಾಚಿಲ್ಲ. ಆ ಜಾಗದಲ್ಲಿ ಟ್ಯೂಬನ್ನು ಮಡಚಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ಒಳಗೆ ಸೇರಿಸಿದೆ. ಸುತ್ತಿಗೊಮ್ಮೆ ಗಾಲಿ ಎದ್ದು ಬೀಳುತ್ತ ಗೋಲಗುಮ್ಮಟ ಕಾಣುವವರೆಗೂ ಬಂತು, ಮನೆಯವರೆಗೂ ಬಂತು. ಆ ನೀರಿನಲ್ಲಿ ಅರ್ಧ ಮಾತ್ರ ಕುಡಿದು ಬಾಟಲಿಯನ್ನು ಬೇವಿನ ಬೊಡ್ಡೆಯ ಬುಡದಲ್ಲಿಟ್ಟು ಬಂದಿದ್ದೆ. ಅಂದಿನಿಂದ ನನ್ನ ಚೀಲದಲ್ಲಿ ಹನ್ನೆರಡು ಪ್ಯಾಚು, ಎರಡು ಬಾಟಲಿ ನೀರು ಇರುತ್ತವೆ. ಎರಡನೆಯ ಬಾಟಲಿ ದಾರಿಯಲ್ಲಿ ಸಿಕ್ಕವರಿಗೆ.

ಈ ವರ್ಷ ಮಿರಗದ (ಮೃಗಶಿರಾ) ಮಳೆ ರಾತ್ರಿ ಒಂದಕ್ಕೆ ಬಂತು. ಎದ್ದು ದೀಪ ಹಾಕದೆ ಪಡಸಾಲೆಯಲ್ಲಿ ಕೂತೆ, ಕತ್ತಲಲ್ಲಿ ಹನಿಯ ಸದ್ದು ಚೆನ್ನಾಗಿ ಕೇಳುತ್ತದೆ. ದೋಣಿಯಿಂದ ನೀರು ಹೊರಗಿನ ಫರ್ಸಿ ಮೇಲೆ ಧಾರೆಯಾಗಿ ಬೀಳುತ್ತಿತ್ತು. ಅಡುಗೆಮನೆ ಸುಮ್ಮನಿತ್ತು. ದೇವರಮನೆಯ ಮೂಲೆಯಲ್ಲಿ ಮಾತ್ರ ತುಸು ಹೊತ್ತಿಗೊಮ್ಮೆ ಟಪ್, ಟಪ್. ಅಲ್ಲಿ ಒಂದು ಚರಿಗೆ ಇಟ್ಟು, ಉತ್ತರದ ಗೋಡೆಯಿಂದ 2 ಅಡಿ 4 ಇಂಚು, ಪೂರ್ವದ ಗೋಡೆಯಿಂದ 1 ಅಡಿ ಎಂದು ಕ್ಯಾಲೆಂಡರಿನ ಹಿಂದೆ ಬರೆದೆ. ಒಂದು ಚೀಲ ಸವಳು ಇಂಥದ್ದಕ್ಕೆಂದೇ ಮೆಟ್ಟಿಲ ಕೆಳಗೆ ಉಳಿಸಿದ್ದೇನೆ. ಮಳೆ ಹೊಳವಾದ ಮುಂಜಾನೆ ಮೇಲೆ ಹತ್ತಬೇಕು.