ಒಂದೇ ದಿನ ಐಹೊಳೆ, ಪಟ್ಟದಕಲ್ಲು, ಬಾದಾಮಿ: ಬಿಸಿಲು ನೋಡಿ ದಾರಿ ಹಾಕುವುದು

ಹತ್ತು ಹನ್ನೆರಡು ಜನರ ತಂಡವನ್ನು ನಾನು ಬಾದಾಮಿಯಲ್ಲೇ ಉಳಿಸುತ್ತೇನೆ. ಆದರೆ ಬೆಳಿಗ್ಗೆ ಆರೂವರೆಗೆ ಹೊರಡುವುದು ಸುಮಾರು 35 ಕಿ.ಮೀ. ದೂರದ ಐಹೊಳೆಗೆ. ಹತ್ತಿರದ್ದನ್ನು ಮೊದಲು ನೋಡೋಣ ಎಂದು ಬಾದಾಮಿ ಗುಹೆಗಳಿಂದ ಶುರು ಮಾಡಿದರೆ ಐಹೊಳೆಯ ಮೇಗುತಿ ಗುಡ್ಡ ಹತ್ತುವ ಪಾಳಿ ಮಟಮಟ ಮಧ್ಯಾಹ್ನಕ್ಕೆ ಬರುತ್ತದೆ. ಅಲ್ಲಿ ನೆರಳಿಲ್ಲ. ಅರ್ಧ ಜನ ಕೆಳಗೇ ಕುಳಿತುಬಿಡುತ್ತಾರೆ.

ಐಹೊಳೆಯಲ್ಲಿ ಮೊದಲು ಮೇಗುತಿ, ಗುಡ್ಡದ ಮೇಲಿನ ಜೈನ ಗುಡಿ. ಹೊರಗೋಡೆಯಲ್ಲಿರುವ ಕವಿ ರವಿಕೀರ್ತಿಯ ಶಾಸನ ಕ್ರಿ.ಶ. 634ರದು, ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇದರಲ್ಲಿದೆ. ಅಕ್ಷರ ಕಾಣಬೇಕಾದರೆ ಟಾರ್ಚನ್ನು ನೇರವಾಗಿ ಹಿಡಿಯಬಾರದು. ಗೋಡೆಗೆ ಒತ್ತಿದಂತೆ ಪಕ್ಕದಿಂದ ಬಿಟ್ಟರೆ ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ತಂಡಕ್ಕೆ ಎರಡು ಟಾರ್ಚು ಸಾಕು. ಸವೆದ ಶಿಲ್ಪಕ್ಕೂ ಇದೇ ಉಪಾಯ.

ಇಳಿದ ಮೇಲೆ ದುರ್ಗ ಗುಡಿ. ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಕೋಟೆಯಿಂದ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಎಲ್ಲರೂ ಗರ್ಭಗುಡಿಯಲ್ಲಿ ದೇವಿಯನ್ನು ಹುಡುಕುತ್ತಾರೆ. ಕಂಬಗಳ ಸಾಲಿನ ಪ್ರದಕ್ಷಿಣಾಪಥದಲ್ಲಿ ಒಂದು ಸುತ್ತು ಮಾತಿಲ್ಲದೆ, ಎರಡನೆಯದು ವಿವರಣೆಯೊಂದಿಗೆ. ಗಜಪೃಷ್ಠದ, ಅಂದರೆ ಆನೆಯ ಬೆನ್ನಿನಂಥ ಹಿಂಬದಿಯ, ದುಂಡು ನೋಡಿದರೆ ತಿಳಿಯುವುದಿಲ್ಲ, ನಡೆದರೆ ಕಾಲಿಗೆ ತಿಳಿಯುತ್ತದೆ. ಲಾಡಖಾನ್ ಗುಡಿ, ರಾವಣಫಡಿ ಇಷ್ಟಕ್ಕೇ ನಿಲ್ಲಿಸುತ್ತೇನೆ. ಊರ ತುಂಬ ಗುಡಿಗಳಿವೆ, ಆಸೆಪಟ್ಟರೆ ದಿನವೇ ಮುಗಿಯುತ್ತದೆ.

ಪಟ್ಟದಕಲ್ಲಿಗೆ 13-14 ಕಿ.ಮೀ. ಅಷ್ಟೇ ಆದರೂ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಮುಂದೆ ಹೋಗಲು ಜಾಗವಿಲ್ಲ. ನಡು ಹಗಲನ್ನು ಅಲ್ಲಿನ ವಿರೂಪಾಕ್ಷ ಗುಡಿಯ ಒಳಗೆ ಕಳೆಯಬೇಕೆಂಬುದೇ ಇಡೀ ಲೆಕ್ಕ. ಮಂಟಪ ತಂಪು, ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿರುವುದರಿಂದ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಪೂಜೆ ನಡೆಯುವ ಗುಡಿ, ಚಪ್ಪಲಿ ಹೊರಗೇ. ಹಾಸುಗಲ್ಲು ಸುಡುವ ಹೊತ್ತಾದ್ದರಿಂದ ಎಲ್ಲರ ಚೀಲದಲ್ಲೂ ದಪ್ಪನೆಯ ಹತ್ತಿ ಕಾಲುಚೀಲ ಇರಲೇಬೇಕು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಎಂಬುದು ಬಹಳ ಜನರಿಗೆ ಗೊತ್ತು. ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನ ಹೆಸರೂ ಪೂರ್ವದ ಬಾಗಿಲ ಶಾಸನದಲ್ಲಿದೆ. ಅದನ್ನು ತೋರಿಸದೆ ಯಾರನ್ನೂ ಹೊರಡಿಸಬೇಡಿ. ಕೆಲಸ ಮಾಡಿದವನ ಹೆಸರು ಹೀಗೆ ಉಳಿಯುವುದು ಅಪರೂಪ.

ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಹಿಂದಿನ ದಿನವೇ ಹೇಳಿಟ್ಟರೆ ಕಾಯುವುದು ತಪ್ಪುತ್ತದೆ.

ಬಾದಾಮಿ ಗುಹೆಗಳಿಗೆ ಮೂರು ಗಂಟೆಗೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ನೀರಿನ ಬಾಟಲಿ ಕಾಣುವಂತಿರಬಾರದು: ಮಂಗಗಳು ಕಸಿದುಕೊಳ್ಳುತ್ತವೆ, ಹಿಡಿದೆಳೆದರೆ ಪರಚುತ್ತವೆ. ಮೂರನೇ ಗುಹೆಗೆ ಅರ್ಧ ಗಂಟೆ ಕೊಡಿ. ಅಲ್ಲಿರುವ ಚಾಲುಕ್ಯ ಮನೆತನದ ಮಂಗಳೇಶನ ಶಾಸನದ ಶಕವರ್ಷ 500, ಅಂದರೆ ಕ್ರಿ.ಶ. 578. ದಿನವಿಡೀ ಕಾಲದಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ನಡೆದಂತಾಗಿ ಕೆಲವರಿಗೆ ಗೊಂದಲವಾಗುತ್ತದೆ. ಅದಕ್ಕೇ 578 ಬಾದಾಮಿ, 634 ಮೇಗುತಿ, ಸುಮಾರು 740 ವಿರೂಪಾಕ್ಷ ಎಂದು ಬರೆದ ಚೀಟಿಯನ್ನು ಬೆಳಿಗ್ಗೆಯೇ ಹಂಚುತ್ತೇನೆ.

ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ನೋಡಲೇಬೇಕೆಂದಿದ್ದರೆ ಆ ದಿನ ಬಿಡಿ.

ಐದು ಗಂಟೆಗೆ ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಬೇಕು. ಅದು ಕೆರೆಯ ಪೂರ್ವಕ್ಕಿದೆ, ಪಡುವಣ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ, ಕೆಂಗಲ್ಲು ಕೆಂಪಗೆ ಕಾಯುತ್ತದೆ. ಆ ಅರ್ಧ ಗಂಟೆ ನಾನು ಏನನ್ನೂ ವಿವರಿಸುವುದಿಲ್ಲ.