ಯಾವ ಗಿರಾಕಿಗೆ ಯಾವ ಅಂಗಡಿ: ಚಿಲ್ಲರೆ ವ್ಯಾಪಾರದ ಬಗೆಯನ್ನು ಆರಿಸಿಕೊಳ್ಳುವ ಕ್ರಮ

ಚಿಲ್ಲರೆ ವ್ಯಾಪಾರಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಯಾವ ಸರಕನ್ನು ಮಾರಬೇಕು ಎಂಬುದನ್ನು. ಅದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದದ್ದು ಬೇರೆಯೇ ಇದೆ: ಕೊಳ್ಳಲು ಬರುವವರು ಯಾವ ಅಗತ್ಯಕ್ಕಾಗಿ ಬರುತ್ತಾರೆ, ಅದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಎಷ್ಟು ದೂರದಿಂದ ಬರಲು ಸಿದ್ಧರಿರುತ್ತಾರೆ? ಬಲ್ಬು ಸುಟ್ಟುಹೋದ ರಾತ್ರಿ ಪಕ್ಕದ ಬೀದಿಗೆ ಓಡುವವರೂ, ಕ್ಯಾಮೆರಾ ಕೊಳ್ಳಲು ನಗರದ ಇನ್ನೊಂದು ತುದಿಗೆ ಹೋಗಿ ಅರ್ಧ ದಿನ ಕಳೆಯುವವರೂ ಒಬ್ಬರೇ ಆಗಿರಬಹುದು. ಆದ್ದರಿಂದ ಗಿರಾಕಿಗಳನ್ನು ವಯಸ್ಸು, ಆದಾಯಗಳ ಲೆಕ್ಕದಲ್ಲಿ ವಿಂಗಡಿಸುವುದಕ್ಕಿಂತ ಅವರು ಬಂದ ಕಾರಣದಿಂದ ವಿಂಗಡಿಸುವುದೇ ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ.

ಈ ದಾರಿಯಲ್ಲಿ ಹಳೆಯ ವಿಂಗಡಣೆಯೊಂದು ಇಂದಿಗೂ ನೆರವಾಗುತ್ತದೆ. ಹಾರ್ವರ್ಡ್‌ನ ಪ್ರಾಧ್ಯಾಪಕ ಮೆಲ್ವಿನ್ ಕೋಪ್‌ಲ್ಯಾಂಡ್ 1923ರಲ್ಲಿ ಸರಕುಗಳನ್ನು ಮೂರು ಬಗೆಯಾಗಿ ನೋಡಿದರು: ಯೋಚಿಸದೆ ಹತ್ತಿರದಲ್ಲೇ ಕೊಳ್ಳುವಂಥವು, ನಾಲ್ಕು ಕಡೆ ಹೋಲಿಸಿ ಕೊಳ್ಳುವಂಥವು, ಇದೇ ಬೇಕೆಂದು ಹುಡುಕಿಕೊಂಡು ಹೋಗಿ ಕೊಳ್ಳುವಂಥವು. ನೀವು ಮಾರಲಿರುವ ಸರಕುಗಳ ಪಟ್ಟಿಯನ್ನು ಬರೆದು, ಪ್ರತಿಯೊಂದರ ಮುಂದೆ ಈ ಮೂರರಲ್ಲಿ ಯಾವುದು ಎಂದು ಗುರುತು ಹಾಕಿ. ಯಾವ ಗುರುತು ಹೆಚ್ಚು ಬೀಳುತ್ತದೆಯೋ ಅದರಂತೆ ಅಂಗಡಿಯ ಜಾಗ ಮತ್ತು ಬಗೆ ನಿರ್ಧಾರವಾಗಬೇಕು.

ಮೊದಲನೆಯ ಬಗೆಯ ಸರಕಿಗೆ ಬೇಕಾದದ್ದು ನೆರೆಹೊರೆಯ ಸಣ್ಣ ಅಂಗಡಿ. ಇಲ್ಲಿಗೆ ಬರುವವರಿಗೆ ಆಯ್ಕೆಗಿಂತ ಹತ್ತಿರ ಮುಖ್ಯ. ಬೆಲೆ ತುಸು ಹೆಚ್ಚಾದರೂ ಸಹಿಸಿಕೊಳ್ಳುತ್ತಾರೆ, ಆದರೆ ಬಾಗಿಲು ಮುಚ್ಚಿದ್ದರೆ ಅಥವಾ ಕೇಳಿದ ವಸ್ತು ಇಲ್ಲದಿದ್ದರೆ ಸಹಿಸುವುದಿಲ್ಲ. ತೆರೆದಿರುವ ವೇಳೆ ತಪ್ಪದಂತೆ ನೋಡಿಕೊಳ್ಳಿ, ಬೇಗ ಖಾಲಿಯಾಗುವ ಐವತ್ತೋ ನೂರೋ ವಸ್ತುಗಳು ಎಂದೂ ಮುಗಿಯದಂತೆ ಇಡಿ.

ಹೋಲಿಸಿ ಕೊಳ್ಳುವವರಿಗಾಗಿ ಬೆಳೆದದ್ದು ಡಿಪಾರ್ಟ್‌ಮೆಂಟ್ ಸ್ಟೋರ್, ಅಂದರೆ ಹಲವು ಬಗೆಯ ಸರಕುಗಳನ್ನು ಬೇರೆಬೇರೆ ವಿಭಾಗಗಳಲ್ಲಿಟ್ಟು ಮಾರುವ ದೊಡ್ಡ ಅಂಗಡಿ. 1852ರಲ್ಲಿ ಪ್ಯಾರಿಸ್ಸಿನ ‘ಬಾನ್ ಮಾರ್ಷೆ’ ಅಂಗಡಿಯ ಪಾಲುದಾರರಾದ ಅರಿಸ್ಟೀಡ್ ಬೂಸಿಕೋ ಅಲ್ಲಿ ಬೆಲೆಗಳನ್ನು ನಿಗದಿಪಡಿಸಿ, ಕೊಳ್ಳದಿದ್ದರೂ ಒಳಗೆ ಬಂದು ನೋಡಲು ಬಿಟ್ಟು, ಒಪ್ಪಿಗೆಯಾಗದ ಸರಕನ್ನು ಹಿಂದಕ್ಕೆ ಪಡೆಯುವ ಪದ್ಧತಿಯನ್ನು ಬೆಳೆಸಿದರು. ಚೌಕಾಶಿಯ ಮುಜುಗರವೂ ಮೋಸಹೋಗುವ ಭಯವೂ ದೂರವಾದಾಗ ಜನರು ನಿಧಾನವಾಗಿ ನೋಡುತ್ತಾರೆ, ಮತ್ತೆ ಬರುತ್ತಾರೆ. ಬಟ್ಟೆ, ಪೀಠೋಪಕರಣಗಳನ್ನು ಮಾರುವ ಯಾವುದೇ ಗಾತ್ರದ ಅಂಗಡಿಯವರು ಈ ಮೂರು ಕ್ರಮಗಳನ್ನು ಪಾಲಿಸಬಹುದು.

ಸೂಪರ್ ಮಾರ್ಕೆಟ್ಟಿನ ಬೇರು ಇರುವುದು ಗಿರಾಕಿ ತಾನೇ ಕೈಚಾಚಿ ತೆಗೆದುಕೊಳ್ಳುವ ಪದ್ಧತಿಯಲ್ಲಿ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅಂಗಡಿಯನ್ನು ತೆರೆಯುವವರೆಗೆ, ದಿನಸಿ ಅಂಗಡಿಯಲ್ಲಿ ಕೇಳಿದ್ದನ್ನು ನೌಕರನೇ ತಂದುಕೊಡುವುದು ರೂಢಿಯಾಗಿತ್ತು. 1937ರಲ್ಲಿ ಓಕ್ಲಹೋಮಾ ನಗರದ ಸಿಲ್ವನ್ ಗೋಲ್ಡ್‌ಮನ್, ಬುಟ್ಟಿ ಭಾರವಾದೊಡನೆ ಜನರು ಕೊಳ್ಳುವುದನ್ನು ನಿಲ್ಲಿಸುತ್ತಾರೆಂದು ಗಮನಿಸಿ, ಚಕ್ರದ ಗಾಡಿಯನ್ನು ಬಳಕೆಗೆ ತಂದರು. ಇಲ್ಲಿಗೆ ಬರುವವರು ವಾರದ ಅಥವಾ ತಿಂಗಳ ಪಟ್ಟಿಯನ್ನು ಹಿಡಿದು ಬರುತ್ತಾರೆ, ಯಾರೊಡನೆಯೂ ಮಾತಾಡದೆ ಮುಗಿಸಲು ಬಯಸುತ್ತಾರೆ. ಆದ್ದರಿಂದ ಓದಲು ಸುಲಭವಾದ ಬೆಲೆ ಚೀಟಿ, ಅಗಲವಾದ ಓಣಿ, ಬೇಗ ಸಾಗುವ ಬಿಲ್ಲಿಂಗ್ ಸಾಲು ಇವು ಮಾರಾಟಗಾರನ ಕೆಲಸವನ್ನು ಮಾಡಬೇಕು.

ಇಲ್ಲಿ ಲಾಭದ ಲೆಕ್ಕವನ್ನು ಚೆನ್ನಾಗಿ ಅರಿತುಕೊಳ್ಳಿ. ಖರೀದಿ ಬೆಲೆಯ ಮೇಲೆ ನೂರಕ್ಕೆ 10ರಷ್ಟು ಲಾಭವಿಟ್ಟು ವರ್ಷಕ್ಕೆ 12 ಬಾರಿ ದಾಸ್ತಾನು ಖಾಲಿ ಮಾಡುವ ಅಂಗಡಿಯೂ, ನೂರಕ್ಕೆ 40ರಷ್ಟು ಇಟ್ಟು ಕೇವಲ 3 ಬಾರಿ ಖಾಲಿ ಮಾಡುವ ಅಂಗಡಿಯೂ ದಾಸ್ತಾನಿಗೆ ಹಾಕಿದ ಬಂಡವಾಳದ ಮೇಲೆ ವರ್ಷಕ್ಕೆ ಗಳಿಸುವುದು ಒಂದೇ, ಅಂದರೆ ಖರ್ಚು ಕಳೆಯುವ ಮುಂಚೆ ನೂರಕ್ಕೆ 120. ಮೊದಲನೆಯದು ರಿಯಾಯಿತಿ ದರದ ಅಂಗಡಿಗಳ ದಾರಿ, ಎರಡನೆಯದು ವಾದ್ಯ, ಗಡಿಯಾರ, ಕ್ರೀಡಾ ಸಾಮಗ್ರಿಗಳಂಥ ಒಂದೇ ಬಗೆಯ ವಸ್ತುಗಳನ್ನು ಆಳವಾಗಿ ಬಲ್ಲ ವಿಶೇಷ ಅಂಗಡಿಗಳ ದಾರಿ. ವಿಶೇಷ ಅಂಗಡಿಗೆ ಬರುವವರು ತಿಳಿವಳಿಕೆಗಾಗಿ ಹಣ ಕೊಡುತ್ತಾರೆ. ಅವರ ಪ್ರಶ್ನೆಗೆ ಉತ್ತರಿಸಲಾಗದ ನೌಕರನನ್ನು ಮುಂದೆ ನಿಲ್ಲಿಸಿದರೆ ಆ ನೂರಕ್ಕೆ 40 ಎಂದೂ ಕೈಸೇರದು. ಕಡಿಮೆ ಲಾಭ, ನಿಧಾನ ಮಾರಾಟ ಎರಡನ್ನೂ ಕೂಡಿಸಿಕೊಂಡ ಅಂಗಡಿ ಎಷ್ಟೇ ಚೆಂದವಿದ್ದರೂ ಉಳಿಯಲಾರದು.

ಸದಸ್ಯತ್ವದ ಗೋದಾಮು ಅಂಗಡಿಗಳ, ಅಂದರೆ ಗೋದಾಮಿನಂಥ ಕಟ್ಟಡದಲ್ಲಿ ಸದಸ್ಯರಾದವರಿಗೆ ಮಾರುವ ಅಂಗಡಿಗಳ, ಗಿರಾಕಿಗಳೇ ಬೇರೆ. 1976ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಆರಂಭವಾದ ‘ಪ್ರೈಸ್ ಕ್ಲಬ್’ ಮೊದಲು ಸಣ್ಣ ವ್ಯಾಪಾರಿಗಳನ್ನೇ ಸದಸ್ಯರನ್ನಾಗಿ ಮಾಡಿಕೊಂಡಿತ್ತು. ದೊಡ್ಡ ಪೊಟ್ಟಣ, ಕಡಿಮೆ ಆಯ್ಕೆ, ಅಲಂಕಾರವಿಲ್ಲದ ಕಟ್ಟಡ ಇವೆಲ್ಲ ಅಂಥವರಿಗೆ ಒಪ್ಪುತ್ತವೆ. ಆನ್‌ಲೈನ್ ಗಿರಾಕಿ ಮುಟ್ಟಿ ನೋಡಲಾರರು. ಆದ್ದರಿಂದ ಅಳತೆ, ಹಲವು ಕೋನಗಳ ಚಿತ್ರ, ಹಿಂದಿರುಗಿಸುವ ನಿಯಮ ಇವು ಸ್ಪಷ್ಟವಾಗಿರಲಿ.

ಬಂಡವಾಳ ಹಾಕುವ ಮುನ್ನ, ನೀವು ಆರಿಸಿದ ಜಾಗದ ಎದುರು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ ನಿಂತು ಹಾದುಹೋಗುವವರನ್ನು ಎಣಿಸಿ. ಅವಸರದಲ್ಲಿರುವವರೆಷ್ಟು, ನಿಂತು ನೋಡುವವರೆಷ್ಟು, ಕೈಚೀಲ ಹಿಡಿದವರೆಷ್ಟು, ಮಕ್ಕಳೊಡನೆ ಬಂದವರೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಅಂಗಡಿ ತೆರೆದ ಮೇಲೂ ಈ ಎಣಿಕೆ ಬೇಕು: ಒಳಗೆ ಬಂದ 100 ಜನರಲ್ಲಿ ಬಿಲ್ ಮಾಡಿಸಿದವರೆಷ್ಟು ಎಂದು ವಾರವಾರವೂ ನೋಡಿ, ಬರಿಗೈಯಲ್ಲಿ ಹೊರಟವರನ್ನು ‘ಏನು ಹುಡುಕುತ್ತಿದ್ದಿರಿ?’ ಎಂದು ವಿನಯದಿಂದ ಕೇಳಿ, ಅವರ ಉತ್ತರವನ್ನು ಅದೇ ದಿನ ದಾಸ್ತಾನಿನ ಪುಸ್ತಕದ ಪಕ್ಕದಲ್ಲಿ ಬರೆಯಿರಿ.